ಹಾರಕದ ಸಾಲಿಗೊಂದು ಬಾಯಿಸಾಕ್ಷಿ

ಕಣಿವೆಕುಂಟೆ
ಕಳ್ಳಮಳೆ ಕಳೆದ ಮೂರನೇ ಬುಧವಾರ, ಮಧ್ಯಾಹ್ನ
ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ನೂರ ತೊಂಬತ್ತೆಂಟು

ನಮಗಿಂತ ಮುಂಚೆ ಈ ಮಣ್ಣು ತುಳಿದವರಿಗೆ ಓಬಕ್ಕ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಪಂಚಾಂಗದಲ್ಲಿ ಮಳೆ ನಕ್ಷತ್ರಗಳು ಇಪ್ಪತ್ತೇಳು, ನಮ್ಮದರಲ್ಲಿ ಇಪ್ಪತ್ತೆಂಟು. ಅನುರಾಧೆ ಮುಗಿದು, ಆಕಾಶ ಬೆಳ್ಳಗಾಗಿ, ಕೊಯ್ದ ತೆನೆ ಇನ್ನೂ ಹೊಲದಲ್ಲೇ ಮಲಗಿರುವಾಗ ಹೇಳದೆ ಕೇಳದೆ ಬಂದು ಸುರಿದು ಹೋಗುವ ಮಳೆಯೊಂದು ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಶುರುವಾಯಿತು. ಮೊದಮೊದಲು ಜನ ಅದನ್ನು ಬೈದರು. ಬೈದು ಬೈದು ಆ ಬೈಗುಳವೇ ಹೆಸರಾಗಿ ಪಂಚಾಂಗಕ್ಕೆ ಏರಿತು. ಈ ಕಾಗದದಲ್ಲಿ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬಂದ ಬಂದ ಕಡೆ ಬಿಡಿಸಿ ಹೇಳುತ್ತೇನೆ. ಹೇಳಿದ ಮೇಲೂ ತಿಳಿಯದಿದ್ದರೆ ಇನ್ನೊಂದು ಸಲ ಓದಿಕೊಳ್ಳಿ, ನಾನೇನೂ ಪಂಡಿತೆಯಲ್ಲ.

ಈ ಕಾಗದ ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಊರಿಂದೂರಿಗೆ ಹೋಗುವ ಅಂಚೆ ನಿಮಗೂ ಗೊತ್ತು. ಇದು ಹೋದ ಕಾಲಕ್ಕೆ ಹೋಗುವ ಅಂಚೆ. ಊರಿಗೆ ಹತ್ತು ವರ್ಷಕ್ಕೆ ಒಂದೇ ಕಾಗದ ಬಿಡುತ್ತಾರೆ. ಹಿಂದಿನ ಸಲದ್ದನ್ನು ನಮ್ಮೂರಿನವರು ಹೂತುಹೋದ ಹಳೇ ಬಾವಿಯ ಬಾಯಿ ಎಲ್ಲಿತ್ತು ಎಂದು ಕೇಳುವುದಕ್ಕೆ ಖರ್ಚು ಮಾಡಿದರು. ಉತ್ತರ ತರುವ ಅಂಚೆಯೇ ಇಲ್ಲವೆಂದು ಗೊತ್ತಿದ್ದೂ ಕೇಳಿದರು. ಅಷ್ಟು ಬುದ್ಧಿವಂತರ ಊರು ನಮ್ಮದು. ಈ ಸಲದ ಕಾಗದ ಹಾರಕವೆಂಬ ಸಿರಿಧಾನ್ಯದ ಸಲುವಾಗಿಯೇ ಹೋಗಬೇಕೆಂದು ನಾನು ಹಟ ಹಿಡಿದು ಕೂತೆ. ಅರ್ಧ ಊರು ಮುಖ ತಿರುಗಿಸಿಕೊಂಡಿದೆ. ತಿರುಗಿಸಿಕೊಳ್ಳಲಿ.

ನಾನು ಈ ಊರಿನ ಸಾಲುಗಿತ್ತಿ. ಯಾವ ಹೊಲದಲ್ಲಿ ಯಾವ ಬೆಳೆಯ ಪಕ್ಕ ಯಾವುದು ಬರಬೇಕು, ಯಾವುದನ್ನು ಈ ವರ್ಷ ಬಿಡಬೇಕು, ಯಾವುದನ್ನು ಕಿತ್ತು ಹಾಕಬೇಕು ಎಂದು ಹೇಳುವ ಕೆಲಸ ನನ್ನದು. ಗಂಡಸರೂ ಆಗಬಹುದು ಎಂದು ಕಾನೂನಿದೆ, ಆದರೆ ಯಾರೂ ಮುಂದೆ ಬಂದಿಲ್ಲ. ಅಕ್ಕಡಿ ಸಾಲು ಎಂದಿನಿಂದಲೂ ಹೆಂಗಸರ ಕೈಯದು. ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ: ರಾಗಿ ಹೊಲದಲ್ಲಿ ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಾ ನಡೆದವರು ಅವರೇ. ರಾಗಿ ಯಜಮಾನನ ಕಣಜಕ್ಕೆ ಹೋಗುತ್ತಿತ್ತು, ಅಕ್ಕಡಿ ಯಜಮಾನಿಯ ಒಲೆಗೆ ಬರುತ್ತಿತ್ತು. ನಮ್ಮ ಕಾಲದಲ್ಲಿ ಆ ಒಂದು ಸಾಲೇ ಬೆಳೆದು ಬೆಳೆದು ಇಡೀ ಹೊಲವಾಗಿದೆ, ಅಷ್ಟೇ ವ್ಯತ್ಯಾಸ.

ಈಗ ನೇಗಿಲಿಲ್ಲ. ಬಿತ್ತುಹುಳಗಳಿವೆ. ಬೆಕ್ಕಿನ ಗಾತ್ರದ, ಆರು ಕಾಲಿನ ಯಂತ್ರ. ಬಿಸಿಲು ಕುಡಿದು ನಡೆಯುತ್ತದೆ, ಬೆರಳಗಲ ನೆಲ ಕೆದಕಿ ಕಾಳು ಇಟ್ಟು ಮುಚ್ಚುತ್ತದೆ. ಬೆಳಿಗ್ಗೆ ಅವು ಒಂದರ ಹಿಂದೆ ಒಂದು ಹೊಲಕ್ಕೆ ಹೊರಟರೆ ಓಣಿಯ ನಾಯಿಗಳು ಇನ್ನೂ ಬೊಗಳುತ್ತವೆ. ಬಿತ್ತನೆ ಮಘೆ ಮಳೆಗೆ ಸರಿದಿದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಿದ್ದಿರಂತೆ. ನಮಗೆ ರೋಹಿಣಿ ಬಂದು ಹೋದದ್ದೇ ತಿಳಿಯುವುದಿಲ್ಲ, ಗಾಳಿ ಮಾತ್ರ. ನಮ್ಮ ಮನೆಯ ನಾಲ್ಕೆಕರೆಯಲ್ಲಿ ಈ ವರ್ಷ ಮೇಲಿನ ಗರಸು ನೆಲಕ್ಕೆ ನವಣೆ, ನವಣೆಯ ನಡುವೆ ತೊಗರಿ. ತಗ್ಗಿನಲ್ಲಿ ರಾಗಿ, ಜೊತೆಗೆ ಅವರೆ. ಬದುವಿನ ಸುತ್ತ ಹರಳು. ಕಲ್ಲು ಜಾಸ್ತಿ ಇರುವ ಮೂಲೆಗೆ ಹುರುಳಿ. ನಿಮ್ಮ ಕಾಲದ ಬಿಸಿಲುಗಾಜುಗಳು ಅರ್ಧ ಎಕರೆಯಲ್ಲಿ ಇನ್ನೂ ನಿಂತಿವೆ. ಅವು ಈಗ ಕರೆಂಟು ಕೊಡುವುದಿಲ್ಲ, ನೆರಳು ಕೊಡುತ್ತವೆ. ಅದರಡಿ ಬದನೆ, ಬಸಳೆ, ದಂಟು ಸೊಗಸಾಗಿ ಬರುತ್ತವೆ. ಒಂದು ಬೆಳೆ ಎರಡು ವರ್ಷ ಒಂದೇ ಜಾಗದಲ್ಲಿ ಕೂರಬಾರದು. ನೆಂಟ ಎರಡು ವಾರ ಒಂದೇ ಮನೆಯಲ್ಲಿ ಕೂತ ಹಾಗಾಗುತ್ತದೆ. ಎಲ್ಲವನ್ನೂ ಸುತ್ತಿಸುತ್ತಾ ಇರುವುದು ನನ್ನ ತಲೆನೋವು.

ನಿಮ್ಮ ಕಾಲದ ನಮ್ಮೂರಿನ ಚಿತ್ರಗಳು ಸಭೆಮನೆಯ ಗೋಡೆಯ ಮೇಲಿವೆ, ಆಕಾಶದಿಂದ ತೆಗೆದದ್ದು. ಒಂದರಲ್ಲಿ ಗುಡ್ಡದಿಂದ ಗುಡ್ಡದವರೆಗೆ ಬರೀ ಕಡಲೆಕಾಯಿ. ಇನ್ನೊಂದರಲ್ಲಿ ಬರೀ ಮುಸುಕಿನ ಜೋಳ. ಆಮೇಲೆ ಬಲೆ ಹೊದಿಸಿದ ದಾಳಿಂಬೆ. ಆಮೇಲೆ ಗಾಜು. ಮಕ್ಕಳು ಅದನ್ನು ನೋಡಿ ಬಣ್ಣ ಮುಗಿದುಹೋಗಿತ್ತಾ ಎಂದು ಕೇಳುತ್ತವೆ. ನಾನು ನಿಮ್ಮನ್ನು ಬೈಯುವುದಿಲ್ಲ. ಪಕ್ಕದ ಹೊಲದವನಿಗೆ ಕೈಹಿಡಿದದ್ದನ್ನೇ ತಾನೂ ಹಾಕುವುದು ಮನುಷ್ಯನ ಗುಣ, ಕಾನೂನು ಬಿಟ್ಟಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ಆದರೆ ಒಂದೇ ಬೆಳೆಗೆ ಒಂದೇ ರೋಗ ಬಂದು ಒಂದೇ ವಾರದಲ್ಲಿ ಎಲ್ಲರ ಹೊಲವೂ ಒಣಗುವುದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಮೂರು ಸಲ ಆಯಿತು. ಅದಕ್ಕೆ ನಾವು ಒಂಟಿ ವರ್ಷಗಳು ಎನ್ನುತ್ತೇವೆ. ಅದರ ವಿವರ ಬರೆದು ನಿಮ್ಮ ಊಟ ಕೆಡಿಸುವುದಿಲ್ಲ.

ಒಂಟಿ ವರ್ಷಗಳನ್ನು ದಾಟಿ ಬಂದವರು ಕೆಲವು ಕಟ್ಟುಪಾಡು ಮಾಡಿದರು. ಪ್ರತಿ ಹೊಲದಲ್ಲೂ ಏಳು ಬಗೆಗಿಂತ ಕಡಿಮೆ ಇರಬಾರದು. ಬೆಳೆದದ್ದನ್ನು ಬೆಳೆದವರು ಮೊದಲು ಉಣ್ಣಬೇಕು. ಹೊಸ ಬೆಳೆಯೊಂದು ಊರಿನ ಎಲ್ಲ ಹೊಲಗಳಿಗೂ ಬಂದ ವರ್ಷ, ಕೊಯ್ದ ವಾರದೊಳಗೆ ಇಡೀ ಊರು ಒಟ್ಟಿಗೆ ಕೂತು ಅದನ್ನು ಉಣ್ಣಬೇಕು. ಅದಕ್ಕೆ ಎಡೆ ದಿನ ಎನ್ನುತ್ತೇವೆ. ತಾವು ಬಾಯಿಗಿಡದ್ದನ್ನು ಲಾರಿಗೆ ತುಂಬಿಸಿ ಬದುಕಿದ ತಲೆಮಾರುಗಳ ಮೇಲಿನ ಸಿಟ್ಟಿಗೆ ಹುಟ್ಟಿದ ಕಟ್ಟುಪಾಡು ಅದು. ಇನ್ನೊಂದು, ಎಲ್ಲಕ್ಕಿಂತ ಬಿಗಿಯಾದದ್ದು, ಬಾಯಿಸಾಕ್ಷಿ. ಹಸಿವಿನ ಕಾಲದಲ್ಲಿ ಜನ ಹಳೇ ಬೀಜ ಸಿಕ್ಕಸಿಕ್ಕಲ್ಲಿ ಬಿತ್ತಿ, ಸಿಕ್ಕಿದ್ದನ್ನು ಬೇಯಿಸಿ ಉಂಡು ಪ್ರಾಣ ಕಳೆದುಕೊಂಡಿದ್ದರು. ಹರಳಿನ ಬೀಜವನ್ನು ಅವರೆಕಾಳೆಂದು ಸಾರು ಮಾಡಿದ ಊರೂ ಇತ್ತಂತೆ. ಆದ್ದರಿಂದ, ಈ ಬೆಳೆಯನ್ನು ಹೀಗೆ ಉಣ್ಣುತ್ತಿದ್ದರು ಎಂದು ಉಂಡವರ ಬಾಯಿಂದ ಕೇಳಿದವರು, ಅಥವಾ ಕೇಳಿದವರಿಂದ ಕೇಳಿದವರು, ಸಭೆಯಲ್ಲಿ ಎದ್ದು ಹೇಳಬೇಕು. ಆಗ ಮಾತ್ರ ಆ ಸಾಲು ಊರಿನದಾಗುತ್ತದೆ. ಪುಸ್ತಕ ತೋರಿಸಿದರೆ ನಡೆಯುವುದಿಲ್ಲ. ಬರಹದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು ಎಂಬುದನ್ನು ಒಂಟಿ ವರ್ಷಗಳಲ್ಲಿ ಚೆನ್ನಾಗಿ ಕಲಿತಿದ್ದಾರೆ. ಹೊಸದಾಗಿ ಬಂದ ಬೀಜಕ್ಕೆ ಮೂರು ಬೆಳೆಯಷ್ಟು ಅವಕಾಶ. ಅಷ್ಟರೊಳಗೆ ಬಾಯಿಸಾಕ್ಷಿ ಸಿಗದಿದ್ದರೆ ಬೀಜ ಬೆಂಕಿಗೆ.

ಇಷ್ಟೆಲ್ಲ ಪೀಠಿಕೆ ನನ್ನ ಸೊಸೆ ಬೋರಮ್ಮನಿಗಾಗಿ. ನನ್ನ ಮಗ ಪಾಲಯ್ಯನ ಹೆಂಡತಿ. ನಮ್ಮ ಸೀಮೆಯಲ್ಲಿ ಮದುವೆಯಾಗಿ ಬರುವ ಹೆಣ್ಣು ಚಿನ್ನ ತರುವುದಿಲ್ಲ, ಸಾಲು ತರುತ್ತಾಳೆ. ತನ್ನ ತವರಿನಲ್ಲಿದ್ದು ಗಂಡನ ಊರಿನಲ್ಲಿಲ್ಲದ ಒಂದು ಬೆಳೆಯ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅದನ್ನು ತನ್ನ ಕೈಯಿಂದ ಬಿಡುತ್ತಾಳೆ. ಅದು ತವರು ಸಾಲು. ಬಿತ್ತನೆಯ ದಿನ ಸಾಲುಗಳನ್ನು ಕರೆಯುವುದು ಬೆಳೆಯ ಹೆಸರಿಂದಲ್ಲ, ತಂದವಳ ಹೆಸರಿಂದ. ನಾನು ತಂದದ್ದು ಮಡಕೆ ಕಾಳು. ನನ್ನನ್ನು ಕಂಡರಾಗದವರೂ ಓಬಕ್ಕನ ಸಾಲಿನ ಉಸಲಿ ಉಣ್ಣುತ್ತಾರೆ, ಉಂಡು ಇನ್ನೊಂದು ಸೌಟು ಕೇಳುತ್ತಾರೆ.

ಬೋರಮ್ಮ ಬಂದಾಗ ಅವಳ ಸೆರಗಿನಲ್ಲಿ ಏನೂ ಇರಲಿಲ್ಲ. ಅವಳ ಊರು ಹಾಲುದಿಣ್ಣೆ. ಈಗ ಅದು ದೊಡ್ಡ ಜಲಾಶಯದ ತಳದಲ್ಲಿದೆ. ಅಪ್ಪ ಅಮ್ಮ ಪಟ್ಟಣದಲ್ಲಿ ಎಂಟನೇ ಅಂತಸ್ತಿನಲ್ಲಿದ್ದಾರೆ, ಅಲ್ಲಿ ತುಳಸಿ ಗಿಡಕ್ಕೇ ಜಾಗವಿಲ್ಲ. ನನ್ನ ಗಂಡನ ಅಣ್ಣ ಜುಂಜಣ್ಣ, ಅಂದರೆ ನಮ್ಮ ಭಾವ, ಬಾಯಿ ಸ್ವಲ್ಪ ಹರಿತದವರು. ಮದುವೆ ಚಪ್ಪರದಲ್ಲೇ, "ತವರೂ ಇಲ್ಲ, ಸಾಲೂ ಇಲ್ಲ, ಇವ್ಳನ್ನ ಬಿತ್ನೇಲಿ ಏನಂತ ಕೂಗಾದು?" ಅಂದುಬಿಟ್ಟರು. ಅವಳು ಕೇಳಿಸಿಕೊಂಡಳು. ಮೂರನೇ ದಿನ ಗಂಡನನ್ನೂ ಕರೆಯದೆ ಒಬ್ಬಳೇ ತಣ್ಣನೆ ಕಣಜಕ್ಕೆ ಹೋದಳು. ಬಂಡೆಯ ಹೊಟ್ಟೆಯೊಳಗೆ ಮಂಜಿಗಿಂತ ತಣ್ಣಗೆ ಇಟ್ಟ ಬೀಜದ ಉಗ್ರಾಣ ಅದು. ನಿಮ್ಮ ಕಾಲದವರು ಊರೂರು ಸುತ್ತಿ ಕೂಡಿಸಿದ ಬೀಜ ಅಲ್ಲಿದೆ. ಆ ಉಪಕಾರಕ್ಕೆ ನಿಮಗೆ ಕೈಮುಗಿಯುತ್ತೇನೆ. ಯಾವ ಬೆಳೆ ಬೇಕು ಎಂದು ಅಲ್ಲಿನವರು ಕೇಳಿದ್ದಕ್ಕೆ ಇವಳು, ಯಾವುದಾದರೂ ಸರಿ, ಹಾಲುದಿಣ್ಣೆಯದು ಇದ್ದರೆ ಕೊಡಿ ಎಂದಳಂತೆ. ಎರಡು ದಿನ ಹುಡುಕಿ ಒಂದು ಪೊಟ್ಟಣ ತೆಗೆದರು. ಹಾರಕ. ಎರಡು ಸಾವಿರದ ಇಪ್ಪತ್ತಾರನೇ ಇಸವಿಯಲ್ಲಿ ಹಾಲುದಿಣ್ಣೆಯ ಯಾರೋ ಒಬ್ಬರು ಕೊಟ್ಟದ್ದು. ತೂಕ ಇಷ್ಟು, ತೇವ ಇಷ್ಟು, ಮೊಳಕೆ ಇಷ್ಟು ಎಂದು ಅದರ ಮೇಲೆ ಅಚ್ಚುಕಟ್ಟಾಗಿ ಬರೆದಿತ್ತು. ಹೇಗೆ ಉಣ್ಣಬೇಕು ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಕೊಟ್ಟವರಿಗೆ ಅದು ಹೇಳುವಂಥ ಸಂಗತಿ ಅನ್ನಿಸಿರಲಿಕ್ಕಿಲ್ಲ. ತೆಗೆದುಕೊಂಡವರು ಕೇಳಲೂ ಇಲ್ಲ.

ಹತ್ತು ಕಾಳಿಗೆ ಮೂರು ಮೊಳೆತವು. ಮೊದಲ ವರ್ಷ ಹಿತ್ತಲಲ್ಲಿ ಮೊರದಗಲದ ಮಡಿ, ಎರಡನೇ ವರ್ಷ ನಮ್ಮ ಹೊಲದಲ್ಲಿ ಅರ್ಧ ಗುಂಟೆಯಷ್ಟು ಸಾಲು. ಆ ಎರಡು ವರ್ಷದ್ದನ್ನು ಯಾರೂ ಬಾಯಿಗಿಡಲಿಲ್ಲ, ಎಲ್ಲವೂ ಬೀಜಕ್ಕೆ. ಬೀಜದ ಕಾಳು ಉಂಡ ಮನೆ ಉದ್ಧಾರವಾಗುವುದಿಲ್ಲ ಎಂದು ನೀವೂ ಅನ್ನುತ್ತಿದ್ದಿರಿ, ನಾವೂ ಅನ್ನುತ್ತೇವೆ. ಮೂರನೇ ವರ್ಷ, ಅಂದರೆ ಈ ವರ್ಷ, ಊರಿನ ಪ್ರತಿ ಹೊಲದಲ್ಲೂ ಒಂದೊಂದು ಸಾಲು ಹಾರಕ ಬಂತು. ಬಿತ್ತನೆಯಲ್ಲಿ ನಾನೇ ಗಂಟಲು ಬಿಚ್ಚಿ, "ಹಾಲುದಿಣ್ಣೆ ಬೋರಮ್ಮನ ಸಾಲು" ಎಂದು ಕೂಗಿದೆ. ಮುಳುಗಿಹೋದ ಊರಿನ ಹೆಸರು ಹೊಲದಲ್ಲಿ ಕೇಳಿ ಹುಡುಗಿಯ ಮುಖ ನೋಡಬೇಕಿತ್ತು ನೀವು. ಬೆಳೆಯೂ ಚೆನ್ನಾಗಿ ಬಂತು. ಗೊಬ್ಬರ ಕೇಳಲಿಲ್ಲ, ಗರಸಿನಲ್ಲೂ ಬುಡಕ್ಕೆ ನಾಲ್ಕಾರು ತೆಂಡೆ ಹೊಡೆಯಿತು, ಸಿಪ್ಪೆ ಗಟ್ಟಿ ಎಂದು ಗುಬ್ಬಿಗಳೂ ಮುಟ್ಟಲಿಲ್ಲ. ನಮ್ಮ ಭಾವನೇ ಬದುವಿನ ಮೇಲೆ ನಿಂತು, "ಪರ್ವಾಗಿಲ್ಲ ಕಣಮ್ಮಿ, ನಿನ್ ಹಾರಕ ಕಲ್ಲಿನ್ ಮ್ಯಾಲೂ ಬೆಳೀತೈತೆ" ಅಂದರು. ಅವರ ಬಾಯಿಂದ ಅಷ್ಟು ಬರುವುದೆಂದರೆ ಸಣ್ಣ ಮಾತಲ್ಲ.

ಕೊಯ್ಲು ಮಾಡಿ ತೆನೆ ಹಾಸಿದ್ದೆವು, ಕಳ್ಳಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಬಂಡೆಯ ಮೇಲೆ ಹರಡಿ ಒಣಗಿಸಿ ಬಡಿದೆವು. ಕಾಳು ಸ್ವಲ್ಪ ಮಂಕಾಗಿತ್ತು, ಮುಗ್ಗಲು ವಾಸನೆ ಇತ್ತೇನೋ, ಹೊಸ ಬೆಳೆ ಎಂದರೆ ಅದರ ವಾಸನೆಯೇ ಹೀಗಿರಬಹುದು ಎಂದುಕೊಂಡೆವು. ಬಾಯಿಸಾಕ್ಷಿಗೆ ಅಮಾವಾಸ್ಯೆಯವರೆಗೆ ಸಮಯವಿತ್ತು, ಎಡೆಗೆ ಮಾತ್ರ ವಾರ ಮೀರುವ ಹಾಗಿಲ್ಲ, ಎಡೆ ದಿನ ಮಾಡಲೇಬೇಕು. ಹಾರಕದ ಸಿಪ್ಪೆ ಬಿಡಿಸುವುದು ಸುಮ್ಮನೆ ಅಲ್ಲ, ಒಂದರ ಮೇಲೊಂದು ಪದರ. ಊರಿನ ಹೆಂಗಸರೆಲ್ಲ ಸೇರಿ ಬೀಸಿ, ಕೇರಿ, ಕುಟ್ಟಿದೆವು. ಹಾರಕದ ಅನ್ನ, ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ. ಬೋರಮ್ಮ ತಾನೇ ಬಡಿಸಿದಳು. ನಮ್ಮ ಭಾವ ಮೂರು ಸಲ ಹಾಕಿಸಿಕೊಂಡರು.

ಎಲೆ ಎತ್ತುವ ಹೊತ್ತಿಗೆ ಪಂಕ್ತಿಯ ಕೊನೆಯಲ್ಲಿ ಯಾರೋ ಸುಮ್ಮಸುಮ್ಮನೆ ನಗತೊಡಗಿದರು. ಭಾವ ಕೈ ತೊಳೆಯಲು ಎದ್ದವರು ಕಂಬ ಹಿಡಿದುಕೊಂಡು, "ಯಾವನ್ಲಾ ಅವ್ನು ಸಾರಿಗೆ ಹೆಂಡ ಬೆರ್ಸಿರಾದು? ನೆಲ ಅಲ್ಲಾಡ್ತೈತಲ್ಲೋ" ಎಂದು ಕೂಗಿದರು. ನಾವೂ ನಕ್ಕೆವು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಒಬ್ಬೊಬ್ಬರಾಗಿ ವಾಂತಿ, ತಲೆಸುತ್ತು, ಕೈಕಾಲು ನಡುಕ. ಮಕ್ಕಳು ಕೂತಲ್ಲೇ ಮಲಗಿದವು, ಎಬ್ಬಿಸಿದರೆ ಏಳಲಿಲ್ಲ. ಭಾವನ ಮೊಮ್ಮಗಳು ಒಂದು ಇಡೀ ದಿನ ಕಣ್ಣು ಬಿಡಲಿಲ್ಲ. ನನಗೂ ಬಂಡೆಯ ಮೇಲಿಂದ ಬೀಳುತ್ತಿರುವ ಹಾಗೆ ಅನ್ನಿಸುತ್ತಿತ್ತು, ಆದರೂ ಗೋಡೆ ಹಿಡಿದು ಹಿಡಿದು ಮನೆ ಮನೆಗೆ ಹೋದೆ. ಬೋರಮ್ಮ ತಾನೂ ನಡುಗುತ್ತಾ ಮಕ್ಕಳ ಬಾಯಿ ಒರೆಸುತ್ತಿದ್ದಳು. ತಾಲ್ಲೂಕಿನಿಂದ ವೈದ್ಯರು ಬಂದರು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಮೂರನೇ ದಿನಕ್ಕೆ ಎಲ್ಲರೂ ಎದ್ದರು. ಭಾವನ ಮೇಕೆಯೊಂದು ಹಾರಕದ ಹುಲ್ಲು ಮೇಯ್ದಿತ್ತು, ಅದು ಮಾತ್ರ ಉಳಿಯಲಿಲ್ಲ.

ಜಿಲ್ಲೆಯ ಪರೀಕ್ಷಕರು ಕಾಳನ್ನು ತಮ್ಮ ಪರೀಕ್ಷೆಯ ಪೆಟ್ಟಿಗೆಗೆ ಹಾಕಿ ನೋಡಿ, ಮಳೆಗೆ ಸಿಕ್ಕ ತೆನೆಯಲ್ಲಿ ಬೂಷ್ಟು ಬೆಳೆದು ವಿಷ ಬಿಟ್ಟಿದೆ ಎಂದರು. ಈ ವರ್ಷದ ಹಾರಕವನ್ನೆಲ್ಲ ಸುಡಲು ಹೇಳಿದರು. ಹಾಗಾದರೆ ಹಿಂದಿನವರು ಇದನ್ನು ಸಾವಿರ ವರ್ಷ ಹೇಗೆ ಉಂಡರು ಎಂದು ಕೇಳಿದೆ. ಅದು ಪೆಟ್ಟಿಗೆಗೆ ಗೊತ್ತಾಗುವ ಪ್ರಶ್ನೆಯಲ್ಲ, ಪಾಪ. ಮೂಟೆಗಳು ಉರಿಯುವುದನ್ನು ಬೋರಮ್ಮ ನಿಂತು ನೋಡಿದಳು. ಅವಳು ಅಳಲಿಲ್ಲ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇಕೆ.

ಆಮೇಲೆ ಊರಿನ ಮಾತು ಶುರುವಾಯಿತು. ಭಾವ ಸಭೆಮನೆಯ ಜಗುಲಿಯಲ್ಲಿ ಕೂತು, "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಈ ಊಟ ಬಲ್ಲೋರು ಯಾರಿದೀರಪ್ಪ, ಕೈ ಎತ್ತಿ" ಅಂದರು. ಯಾರೂ ಎತ್ತಲಿಲ್ಲ. ಕೆಲವರು ನೀರಿನ ಹತ್ತಿರ ಬೋರಮ್ಮ ಬಂದರೆ ಮಾತು ನಿಲ್ಲಿಸುತ್ತಿದ್ದರು. ಮುಳುಗಿದ ಊರಿನ ಬೀಜ ನಮ್ಮನ್ನೂ ಮುಳುಗಿಸುವುದಕ್ಕೆ ಬಂದಿದೆ ಎಂದು ಒಬ್ಬಳು ಅಂದದ್ದು ಅವಳ ಕಿವಿಗೂ ಬಿತ್ತು.

ಮಾರನೆಯ ದಿನ ಬೆಳಿಗ್ಗೆ ನಾನು ಹೊಲದಿಂದ ಬರುವಾಗ ಸಭೆಮನೆಯ ಮುಂದೆ ಹೊಗೆ. ಬೋರಮ್ಮ ಮೂರು ಕಲ್ಲು ಇಟ್ಟು ಒಲೆ ಹೂಡಿ ಹಾರಕದ ಅನ್ನ ಮಾಡುತ್ತಿದ್ದಾಳೆ. ಹಿಂದಿನ ವರ್ಷದ ಕಾಳು, ಬೀಜಕ್ಕೆಂದು ಗುಡಾಣದಲ್ಲಿ ಬೂದಿ ಬೆರೆಸಿ ಇಟ್ಟದ್ದು. "ಬೀಜದ ಕಾಳು ಕಣೇ ಅದು!" ಎಂದು ಓಡಿ ಹೋದೆ. "ಸಾಲೇ ಹೋದ್ಮ್ಯಾಲೆ ಬೀಜ ಇಟ್ಕಂಡು ಪೂಜೆ ಮಾಡ್ಲಾ ಅತ್ತೆ?" ಅಂದಳು. ಊರು ನೋಡುತ್ತಿದ್ದ ಹಾಗೇ ಬರಿ ಅನ್ನ, ಉಪ್ಪು, ತಟ್ಟೆ ತುಂಬ ಉಂಡಳು. ಉಂಡು ಅಲ್ಲೇ ಕಂಬಕ್ಕೊರಗಿ ಕೂತಳು. ಪಾಲಯ್ಯ ಅವಳ ಪಕ್ಕ ಬಂದು ಕೂತು, ಉಳಿದ ಅನ್ನವನ್ನು ತಾನು ಉಂಡ. ಗಂಡ ಹೆಂಡಿರಿಬ್ಬರೂ ಹಾಗೆ ಸಂಜೆಯವರೆಗೆ ಎಲ್ಲರ ಕಣ್ಣೆದುರಿಗೇ ಕೂತಿದ್ದರು. ಏನೂ ಆಗಲಿಲ್ಲ. ಹಸು ಕೂಗಿದಾಗ ಅವಳು ಎದ್ದು, ಪಾತ್ರೆ ತೊಳೆದು, ಹಾಲು ಕರೆಯಲು ಹೋದಳು.

ಇಷ್ಟಾದರೂ ಮುಗಿಯಲಿಲ್ಲ. ಭಾವ ನನ್ನ ಮನೆಗೇ ಬಂದು, ಜಗಳಕ್ಕಲ್ಲ, ಮೆಲ್ಲಗೆ ಹೇಳಿದರು: "ಓಬಕ್ಕ, ಅವ್ಳ ಧೈರ್ಯ ಮೆಚ್ಚಿದ್ನಮ್ಮ. ಆದ್ರೆ ಧೈರ್ಯ ಸಾಕ್ಷಿ ಆಗಲ್ಲ. ಯಾವಾಗ ಉಣ್ಬೇಕು, ಯಾವಾಗ ಉಣ್ಬಾರ್ದು ಅಂತ ಗೊತ್ತಿಲ್ದೆ ಇರಾ ಕಾಳ್ನ ಮನೇಲಿಟ್ರೆ, ನಾಳೆ ಇನ್ನೊಂದ್ ಮಗು ಮಲಿಕ್ಕಂಡ್ರೆ ಎದ್ದೇಳ್ತದೆ ಅಂತ ಯಾರ್ ಹೇಳ್ತಾರೆ?" ಅವರ ಮೊಮ್ಮಗಳ ಮುಚ್ಚಿದ ಕಣ್ಣು ನಾನೂ ನೋಡಿದ್ದೇನೆ. ಅವರದು ತಪ್ಪು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಳೆಯ ಕಾಳು ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಎಷ್ಟು ಹಳೆಯದು? ಒಂದು ಮಳೆಗಾಲ ಕಳೆದರೆ ಸಾಕೇ, ಎರಡು ಬೇಕೇ? ಮಳೆಗೆ ಸಿಕ್ಕದ್ದನ್ನು ಪೂರ್ತಿ ಬಿಡಬೇಕೇ? ಅನ್ನಿಸುವುದು ಬೇರೆ, ಬಲ್ಲೆ ಎನ್ನುವುದು ಬೇರೆ.

ನಾಳೆ ಅಮಾವಾಸ್ಯೆ. ಹಾರಕದ ಮೂರು ಬೆಳೆಯ ಅವಕಾಶ ನಾಳೆಗೆ ತೀರುತ್ತದೆ, ಸಭೆ ಕೂರುತ್ತದೆ. ಬಾಯಿಸಾಕ್ಷಿ ಇದ್ದರೆ ಸಾಲು ಉಳಿಯುತ್ತದೆ. ಇಲ್ಲದಿದ್ದರೆ ಗುಡಾಣದ ತಳದಲ್ಲಿ ಉಳಿದಿರುವ ಬೀಜವನ್ನು ಸಾಲುಗಿತ್ತಿಯೇ ತನ್ನ ಕೈಯಿಂದ ಬೆಂಕಿಗೆ ಹಾಕಬೇಕು. ತಣ್ಣನೆ ಕಣಜದಲ್ಲಿ ಇನ್ನೊಂದು ಪೊಟ್ಟಣ ಇಲ್ಲ, ವಿಚಾರಿಸಿದ್ದೇನೆ. ಹಾಲುದಿಣ್ಣೆಯ ಹೆಸರು ಹೊಲದಲ್ಲಿ ಕೂಗುವುದು ಅಲ್ಲಿಗೆ ಮುಗಿಯಿತು. ಬೋರಮ್ಮ ನಿನ್ನೆ ನನಗೆ, "ನಾಡಿದ್ದು ಸುಟ್ರೆ ಸುಡಿ ಅತ್ತೆ, ನಿಮ್ಮನ್ನ ಅನ್ನಲ್ಲ. ಆದ್ರೆ ನಾನಿನ್ ಬಿತ್ನೆಗೆ ಬರಾಕಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ರೊಟ್ಟಿ ತಟ್ಟುತ್ತಾ, ತಣ್ಣಗೆ ಹೇಳಿದಳು.

ಊರಿನಲ್ಲಿ ಎಲ್ಲರಿಗಿಂತ ಹಿರಿಯಳು ಈರಜ್ಜಿ. ಎಂಬತ್ತು ದಾಟಿ ಕೆಲವು ವರ್ಷವಾಯಿತು. ಹಾರಕ ಎಂಬ ಹೆಸರು ಕಿವಿಗೆ ಬಿದ್ದ ದಿನದಿಂದ ಅವಳು ಒಂದೇ ಸಮ ಅನ್ನುತ್ತಿದ್ದಾಳೆ: "ಹಾರಕದ್ದು ಒಂದ್ ಮಾತಿತ್ತು ಕಣವ್ವ. ನಮ್ಮಜ್ಜಿ ಅಂತಿತ್ತು. ನಾಲ್ಗೆ ತುದೀಲೈತೆ." ನಾವು ಕಾಲು ಒತ್ತಿದೆವು, ಎಲೆಯಡಿಕೆ ಕುಟ್ಟಿ ಕೊಟ್ಟೆವು, ಬೇಡಿಕೊಂಡೆವು. ಅವಳಿಗೆ ನೆನಪಿರುವುದು ಇಷ್ಟು: ಉಣ್ಣುವಾಗ ಅಜ್ಜಿ ಅವಳ ನೆತ್ತಿಯ ಮೇಲೆ ಎರಡು ಸಲ ಮೊಟಕಿ ಆ ಮಾತು ಹೇಳುತ್ತಿದ್ದಳು. ಮೊಟಕಿದ್ದು ನೆನಪಿದೆ, ಮಾತು ನೆನಪಿಲ್ಲ. ಅವಳ ಅಜ್ಜಿಗೆ ಅದನ್ನು ಹೇಳಿದ್ದು ಆ ಅಜ್ಜಿಯ ಅಜ್ಜಿ. ಲೆಕ್ಕ ಹಾಕಿ ನೋಡಿದೆ, ಆ ಕೊನೆಯ ಅಜ್ಜಿ ನಿಮ್ಮ ಕಾಲದಲ್ಲಿ ಇನ್ನೂ ಮಗು.

ಅದಕ್ಕೇ ಈ ಕಾಗದ. ನೀವು ನಮಗೆ ಉತ್ತರ ಬರೆಯಲಾರಿರಿ, ಬರೆದರೂ ಸಭೆ ಒಪ್ಪುವುದಿಲ್ಲ. ಆದರೆ ಬಾಯಿಂದ ಬಾಯಿಗೆ ಹೇಳಬಹುದು. ಹಾರಕ ಬೆಳೆದವರು, ಉಂಡವರು ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇನ್ನೂ ಇದ್ದರೆ, ದಯವಿಟ್ಟು ಇವತ್ತೇ ಅವರ ಪಕ್ಕದಲ್ಲಿ ಕೂತು ಕೇಳಿ. ಹೊಸ ಹಾರಕ ಎಷ್ಟು ಕಾಲ ಇಟ್ಟು ಉಣ್ಣುತ್ತಿದ್ದರು, ತೇವ ತಾಗಿದ್ದನ್ನು ಏನು ಮಾಡುತ್ತಿದ್ದರು, ದನಕ್ಕೆ ಹುಲ್ಲು ಯಾವಾಗ ಹಾಕುತ್ತಿದ್ದರು. ಕೇಳಿ ಬರೆದಿಡಬೇಡಿ, ನಿಮ್ಮ ಮನೆಯ ಒಂದು ಮಗುವಿಗೆ ಹೇಳಿ. ಊಟಕ್ಕೆ ಕೂತಾಗ ಹೇಳಿ. ಒಂದು ಸಲ ಹೇಳಿ ಮುಗಿಸಬೇಡಿ, ಅದು ಇನ್ನು ಸಾಕು ಎಂದು ರೇಗುವವರೆಗೆ ಹೇಳಿ. ನೆತ್ತಿಯ ಮೇಲೆ ಮೊಟಕಿದರೂ ಪರವಾಗಿಲ್ಲ. ಆ ಮಗು ಅಜ್ಜಿಯಾಗಿ ತನ್ನ ಮೊಮ್ಮಗಳಿಗೆ ಹೇಳಬೇಕು, ಆ ಮೊಮ್ಮಗಳು ಅಜ್ಜಿಯಾಗಿ ಈರಜ್ಜಿಗೆ ಹೇಳಬೇಕು. ನೂರೆಪ್ಪತ್ತು ವರ್ಷ ಎಂದರೆ ದೂರ ಅನ್ನಿಸುತ್ತದೆ. ದಾಟಬೇಕಾದದ್ದು ಎರಡೇ ಬಾಯಿ.

ಹಾರಕ ಕಾಣದವರು ನಿಮ್ಮಲ್ಲಿ ಇರಬಹುದು. ಅವರ ಹೊಲದಲ್ಲಿ ಇನ್ನೇನಾದರೂ ಇದ್ದೀತು, ಯಾರಿಗೆ ಬೇಕು ಇದೆಲ್ಲ ಎಂದು ಈ ವರ್ಷ ಬಿಟ್ಟುಬಿಡುವಂಥದ್ದು. ಬಿಡುವುದಾದರೆ ಬಿಡಿ, ನಿಮ್ಮ ಕಷ್ಟ ನಿಮಗೆ. ಅದನ್ನು ಉಣ್ಣುವ ಬಗೆಯನ್ನು ಮಾತ್ರ ಯಾರ ಕಿವಿಗಾದರೂ ಹಾಕಿ ಬಿಡಿ.

ಪಾಲಯ್ಯ ಬೆಳಿಗ್ಗೆ ಈರಜ್ಜಿಯನ್ನು ಎತ್ತಿಕೊಂಡು ಸಭೆಗೆ ಬರುತ್ತಾನೆ. ಬೋರಮ್ಮ ಗುಡಾಣ ಹೊತ್ತು ಬರುತ್ತಾಳೆ. ಬೆಂಕಿ ಹೊತ್ತಿಸಿರುತ್ತಾರೆ. ನಾನು ಈರಜ್ಜಿಯ ಎದುರಿಗೆ ಕೂತು ಅವಳ ನೆತ್ತಿಯ ಮೇಲೆ ಎರಡು ಸಲ ಮೊಟಕಿ, ಅವಳ ಬಾಯಿಯನ್ನೇ ನೋಡುತ್ತಿರುತ್ತೇನೆ. ನೀವು ಹೇಳಿದಿರೋ ಇಲ್ಲವೋ, ನನಗೆ ಆಗ ಗೊತ್ತಾಗುತ್ತದೆ.

ಇಂತಿ,
ಓಬಕ್ಕ
ಕಣಿವೆಕುಂಟೆಯ ಸಾಲುಗಿತ್ತಿ, ಹಾಲುದಿಣ್ಣೆ ಬೋರಮ್ಮನ ಅತ್ತೆ